ನಾಲ್ಕೂವರೆ ನಕ್ಷತ್ರದ ಬೀಗ

ಅಮ್ಮನ ಕಿವಿ ಸೋರಲು ಶುರುವಾಗಿ ವಾರವಾಗಿತ್ತು. ತೀರ್ಥಹಳ್ಳಿಯ ಆಚೆಗಿನ ನಮ್ಮೂರಲ್ಲಿ ಕಿವಿ ಡಾಕ್ಟರು ಎಲ್ಲಿ ಸಿಗಬೇಕು? ಮೊಬೈಲಿನಲ್ಲಿ ಹುಡುಕಿದೆ. 'ನಿಮ್ಮ ಹತ್ತಿರದ ವೈದ್ಯರು' ಅಂತ ಮೊದಲು ತೋರಿಸಿದ್ದೆಲ್ಲ ಬೆಂಗಳೂರಿನವರನ್ನೇ. ಕೆಳಗೆ ಎಳೆದಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬರು ಸಿಕ್ಕಿದರು. ನಾಲ್ಕೂವರೆ ನಕ್ಷತ್ರ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆ. ಫೋನ್ ಮಾಡಿದರೆ ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ.

ಜಡಿಮಳೆಯಲ್ಲಿ ಮೊದಲ ಬಸ್ಸು ಹಿಡಿದು ಹೋದೆವು. ಅಮ್ಮ ಕಿವಿಗೆ ಹತ್ತಿ ಇಟ್ಟು, ಮೇಲೆ ಸೆರಗು ಒತ್ತಿ ಹಿಡಿದು ದಾರಿಯುದ್ದಕ್ಕೂ ಕೂತಿದ್ದಳು. ಅಲ್ಲಿ ನೋಡಿದರೆ ಶಟರ್ ಎಳೆದಿದೆ, ಬೀಗಕ್ಕೆ ತುಕ್ಕು ಹಿಡಿದಿದೆ. "ಅವರು ಇಲ್ಲಿಂದ ಹೋಗಿ ಎರಡು ವರ್ಷ ಆಯ್ತಲ್ಲ ಮಾರಾಯ್ರೆ" ಅಂದರು ಪಕ್ಕದ ಮೆಡಿಕಲ್ ಶಾಪಿನವರು. ಅವರೇ ಬೇರೆ ಡಾಕ್ಟರ ಹೆಸರು ಹೇಳಿದರು, ಕೆಲಸವೂ ಆಯಿತು.

ನನ್ನ ಸಿಟ್ಟು ಇಳಿದಿಲ್ಲ. ಆ ವಿಮರ್ಶೆಗಳಲ್ಲಿ ಏನಿತ್ತು? 'ಒಳ್ಳೆಯ ಡಾಕ್ಟರ್', 'ಸೂಪರ್', ಅಷ್ಟೇ. ಯಾವ ಕಾಯಿಲೆಗೆ ಹೋದರು, ಎಷ್ಟು ಹೊತ್ತು ಕಾದರು, ಯಾವ ವಾರ ರಜೆ, ಒಂದೂ ಇಲ್ಲ. ಡಾಕ್ಟರು ಬರೆದುಕೊಡುವ ಔಷಧಿ ಚೀಟಿಯ ಮೇಲೆ ಅವರ ನೋಂದಣಿ ಸಂಖ್ಯೆ ಇರಬೇಕೆಂದು 2002ರ ವೈದ್ಯಕೀಯ ನೀತಿ ನಿಯಮವೇ ಹೇಳುತ್ತದೆ. ನಾನು ನೋಡಿದ ಪುಟದಲ್ಲಿ ಅದೂ ಇರಲಿಲ್ಲ. ಬಾಗಿಲು ಮುಚ್ಚಿದೆ ಅಂತ ಅವತ್ತೇ ದೂರು ಬರೆದೆ. ಇವತ್ತಿಗೂ ಅಲ್ಲಿ 'ಈಗ ತೆರೆದಿದೆ' ಅಂತಲೇ ಇದೆ. ಇನ್ಯಾರ ಅಮ್ಮ ಆ ಬಸ್ಸು ಹತ್ತುತ್ತಾಳೋ.