ಸೆಕೆಂಡ್ ಪಿಯುಸಿ ಬಂತು, ಬಾಲ್ ಅಟ್ಟ ಸೇರಿತು

‘ನಿಮ್ಮ ಟೀಮಿನ ಮ್ಯಾಚು ಯಾವಾಗ?’ ಅಂತ ಬಾಸ್ಕೆಟ್‌ಬಾಲ್ ವಿಶ್ವಕಪ್ ನೋಡಲು ಕೂತಿದ್ದಾಗ ಪಕ್ಕದ ಸೀಟಿನವರು ಕೇಳಿದರು. ಮಾಲಿ ದೇಶದವರು. ಹಸಿರು, ಹಳದಿ, ಕೆಂಪಿನ ಬಾವುಟವನ್ನು ಶಲ್ಯದ ಹಾಗೆ ಹೊದ್ದು ಕೂತಿದ್ದರು. ನಮ್ಮದು ಬಂದಿಲ್ಲ ಅಂದೆ. ‘ಅಯ್ಯೋ, ಈ ಸಲ ಕ್ವಾಲಿಫೈ ಆಗಲಿಲ್ವಾ?’ ಅಂದರು, ಸಾವಿನ ಮನೆಗೆ ಬಂದವರ ದನಿಯಲ್ಲಿ. ಈ ಸಲವಂತೆ! ಹೋದ ಸಲವೂ ಇರಲಿಲ್ಲ ಅಂತ ನಾನು ಬಾಯಿ ಬಿಡಲಿಲ್ಲ. ‘ನಮ್ಮ ಕಡೆ ಕ್ರಿಕೆಟ್ ಜಾಸ್ತಿ’ ಅಂತ ಎಂದಿನ ನೆಪ ಹೇಳಿ ಪಾಪ್‌ಕಾರ್ನ್ ತಿನ್ನತೊಡಗಿದೆ. ಅವರಿಗೆ ಕ್ರಿಕೆಟ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ.

ನಾನು ಸ್ವಿಟ್ಜರ್ಲೆಂಡಿನ ಲೊಸಾನ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಒಲಿಂಪಿಕ್ ಸಮಿತಿಯ ಕಚೇರಿ ಇರುವುದು ಇದೇ ಊರಿನಲ್ಲಿ. ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ಕಚೇರಿ ಕೂಡ ಇಲ್ಲಿಂದ ಜಿನೀವಾ ಕಡೆ ಹೋಗುವ ದಾರಿಯಲ್ಲಿ, ಮೀಸ್ ಅನ್ನೋ ಹಳ್ಳಿಯಲ್ಲಿದೆ. 2025ರ ಜೂನ್ 28ರಿಂದ ಜುಲೈ 6ರವರೆಗೆ 19 ವರ್ಷದೊಳಗಿನ ಹುಡುಗರ ವಿಶ್ವಕಪ್ ನಡೆದದ್ದು ಮನೆ ಬಾಗಿಲಲ್ಲೇ ಅನ್ನಬಹುದು. ಸ್ಟೇಷನ್ನಿಂದ ರೈಲಿನಲ್ಲಿ ಒಂದೇ ಸ್ಟಾಪು, ಮಾಲೆ. ಇಳಿದರೆ ಎದುರಿಗೇ ವೋದ್ವಾಸ್ ಅರೀನಾ. ಚಳಿಗಾಲದಲ್ಲಿ ಅದು ಐಸ್ ಹಾಕಿ ಆಡುವ ಜಾಗ. ಆ ವಾರ ಯುರೋಪಿಗೆಲ್ಲ ಬಿಸಿಗಾಳಿ. ರಾಯಚೂರಿನ ಏಪ್ರಿಲ್ ತಿಂಗಳೇ ಇಲ್ಲಿಗೆ ಬಂದ ಹಾಗಿತ್ತು. ಮಗಳನ್ನು ಕರೆದುಕೊಂಡು ಸಂಜೆ ಸಂಜೆ ಹೋಗಿ ಕೂರುತ್ತಿದ್ದೆ.

ಫೈನಲ್ ಬಗ್ಗೆ ಹೇಳೋದು ಹೆಚ್ಚೇನಿಲ್ಲ. ಅಮೆರಿಕ 109, ಜರ್ಮನಿ 76. ಅಮೆರಿಕದ ಎ.ಜೆ. ಡಿಬಾನ್ಸಾ ಇಡೀ ಟೂರ್ನಿಯ ಶ್ರೇಷ್ಠ ಆಟಗಾರ. ಆ ಹುಡುಗನ ಕೈಯಲ್ಲಿ ಬಾಲು ನಿಂಬೆಹಣ್ಣಿನ ಹಾಗೆ ಕಾಣುತ್ತದೆ. ನನಗೆ ಹೊಟ್ಟೆ ಉರಿದದ್ದು ಅಮೆರಿಕ ನೋಡಿ ಅಲ್ಲ. ಮೂರನೇ ಸ್ಥಾನ ಪಡೆದ ಸ್ಲೊವೇನಿಯಾ ನೋಡಿ. ಆ ದೇಶದ ಒಟ್ಟು ಜನಸಂಖ್ಯೆ ಸುಮಾರು 21 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ 30 ಲಕ್ಷ ಜನ ಇದ್ದೆವು. ಪಕ್ಕದಲ್ಲಿ ಕೂತ ಮಾಲಿಯವರಂತೂ 2019ರಲ್ಲಿ ಗ್ರೀಸಿನಲ್ಲಿ ನಡೆದ ಇದೇ ಕಪ್‌ನಲ್ಲಿ ಫೈನಲ್ ತನಕ ಹೋಗಿ ಅಮೆರಿಕದ ಎದುರು ಸೋತು ಬಂದವರು. ದುಡ್ಡು, ಸ್ಟೇಡಿಯಂ, ಪ್ರಾಯೋಜಕರು ಇಲ್ಲ ಅಂತ ನಾವು ಹೇಳುವ ನೆಪಗಳನ್ನೆಲ್ಲ ಮಾಲಿಯವರು ನಮಗಿಂತ ಜೋರಾಗಿ ಹೇಳಬಹುದು.

ಹಾಗಾದರೆ ನಮ್ಮ ಹುಡುಗರು ಎಲ್ಲಿ ಕಳೆದುಹೋಗುತ್ತಾರೆ? ನನಗೆ ಗೊತ್ತು. ನಾನೇ ಹಾಗೆ ಕಳೆದುಹೋದವನು.

ಮೈಸೂರಿನಲ್ಲಿ ನಾವು ಆಡುತ್ತಿದ್ದದ್ದು ಸಿಮೆಂಟಿನ ಕೋರ್ಟು. ಒಂದು ಕಡೆ ರಿಂಗು ಕೊಂಚ ಎಡಕ್ಕೆ ವಾಲಿತ್ತು. ಬಲಗಡೆಯಿಂದ ಬೋರ್ಡಿಗೆ ಹೊಡೆದರೆ ಬೀಳುತ್ತೆ ಅಂತ ನಮಗೆ ಮಾತ್ರ ಗೊತ್ತಿತ್ತು. ದಸರಾ ಕ್ರೀಡಾಕೂಟದಲ್ಲಿ ಎರಡು ವರ್ಷ ಆಡಿದ್ದೆ. 1997ರ ಜೂನಿನಲ್ಲಿ ಸೆಕೆಂಡ್ ಪಿಯುಸಿ ಶುರುವಾಯ್ತು. ಒಂದು ಭಾನುವಾರ ಅಪ್ಪ ಸ್ಟೂಲು ಹಾಕಿಕೊಂಡು ನನ್ನ ಬಾಲನ್ನು ಅಟ್ಟದ ಮೇಲೆ, ಗೊಂಬೆ ಪೆಟ್ಟಿಗೆ ಪಕ್ಕ ಇಟ್ಟರು. ಬೈಯಲಿಲ್ಲ. ‘ಸಿಇಟಿ ಮುಗೀಲಿ, ಆಮೇಲೆ ತೆಗೆಯೋಣ’ ಅಂದರು ಅಷ್ಟೇ. ನವರಾತ್ರಿ ಬಂದಾಗಲೆಲ್ಲ ಗೊಂಬೆಗಳು ಕೆಳಗಿಳಿದವು, ಮತ್ತೆ ಮೇಲೆ ಹೋದವು. ಬಾಲು ಇಳಿಯಲಿಲ್ಲ.

ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. ನಮ್ಮ ಟೀಮಿನಲ್ಲಿ ಹನ್ನೆರಡು ಜನ. ಅದೇ ಜೂನಿನಲ್ಲಿ ಹನ್ನೊಂದು ಜನ ಗ್ರೌಂಡಿಗೆ ಬರೋದು ನಿಲ್ಲಿಸಿದೆವು. ಉಳಿದವನು ಒಬ್ಬನೇ, ಫಸ್ಟ್ ಪಿಯುಸಿ ಫೇಲಾದವನು. ಅವನ ಮನೆಯಲ್ಲಿ ಆಸೆ ಬಿಟ್ಟಿದ್ದರು. ಹಾಗಾಗಿ ಆಡಲು ಬಿಟ್ಟರು.

19 ವರ್ಷದೊಳಗಿನವರ ಪಂದ್ಯ ಅಂದರೆ ಲೆಕ್ಕ ಹಾಕಿ. ಹದಿನಾರು, ಹದಿನೇಳು, ಹದಿನೆಂಟು. ಟೆನ್ತ್ ಮುಗಿಸಿ ಸಿಇಟಿ ಕೌನ್ಸೆಲಿಂಗ್ ತನಕದ ವಯಸ್ಸು. ಮೂಳೆ ಬಲಿತು, ಎತ್ತರ ಬಂದು, ಆಟ ನಿಜವಾಗಿ ಕೈಗೆ ಹತ್ತುವ ಹೊತ್ತಿಗೆ ಸರಿಯಾಗಿ ನಾವು ಬಾಲು ಕಿತ್ತುಕೊಳ್ಳುತ್ತೇವೆ.

ಇಲ್ಲಿ ಹೇಗೆ ಅಂತ ಮಗಳಿಂದಾಗಿ ಹತ್ತಿರದಿಂದ ನೋಡಿದೆ. ಅವಳಿಗೀಗ ಹದಿನೈದು. ಆಡುವುದು ಸ್ಕೂಲಿಗಾಗಿ ಅಲ್ಲ, ಊರಿನ ಕ್ಲಬ್ಬಿಗಾಗಿ. ಹಾಗಾಗಿ ಸ್ಕೂಲು ಮುಗಿದರೂ ಆಟ ಮುಗಿಯುವುದಿಲ್ಲ. ಅವಳ ಕ್ಲಬ್ಬಿನಲ್ಲಿ ಹದಿನೇಳರ ಹುಡುಗನೊಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಕೆಲಸ ಕಲಿಯುತ್ತಿದ್ದಾನೆ. ಸಂಜೆ ಪ್ಯಾಂಟಿಗೆ ಗೋಡೆಯ ಸುಣ್ಣ ಮೆತ್ತಿಕೊಂಡೇ ಪ್ರಾಕ್ಟೀಸಿಗೆ ಬರುತ್ತಾನೆ. ಸ್ವಿಟ್ಜರ್ಲೆಂಡಿನಲ್ಲಿ ಕಡ್ಡಾಯ ಶಾಲೆ ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಹೀಗೆ ಕೆಲಸ ಕಲಿಯುವ ದಾರಿ ಹಿಡಿಯುತ್ತಾರೆ. ಚೆನ್ನಾಗಿ ಆಡುವವರಿಗೆ ಪಾಠದ ವೇಳೆಯನ್ನೇ ಹೊಂದಿಸಿ ಕೊಡುವ ತರಗತಿಗಳೂ ಇವೆ. ‘ಮೊದಲು ಓದು ಮುಗೀಲಿ’ ಅನ್ನೋ ಮಾತನ್ನು ಹನ್ನೊಂದು ವರ್ಷದಲ್ಲಿ ಈ ಊರಲ್ಲಿ ಕೇಳಿದ್ದು ಒಮ್ಮೆ ಮಾತ್ರ. ಅದೂ ನಮ್ಮ ಮನೆಯ ಫೋನಿನಲ್ಲಿ. ಅಮ್ಮ ಮೈಸೂರಿಂದ ಕೇಳಿದರು, ‘ಇನ್ನೂ ಬಾಲ್ ಆಡ್ತಾಳಾ? ಈ ಸಲ ಟೆನ್ತ್ ಅಲ್ವೇನೋ?’

ಶನಿವಾರದ ಮ್ಯಾಚಿಗೆ ಸ್ಕೋರು, ಟೈಮು ನೋಡಿಕೊಳ್ಳುವ ಟೇಬಲ್ ಹತ್ತಿರ ಕೂರುವವರು ಅಪ್ಪ ಅಮ್ಮಂದಿರೇ. ನನಗೆ ಸಿಕ್ಕಿರುವುದು 24 ಸೆಕೆಂಡಿನ ಬಟನ್ನು. ಬಾಲು ಸಿಕ್ಕ ಟೀಮು 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ರಿಂಗಿಗೆ ತಗುಲಿ ಮತ್ತೆ ಅವರಿಗೇ ಸಿಕ್ಕಿದರೆ 14ರಿಂದ ಶುರು, ಎದುರಾಳಿಗೆ ಸಿಕ್ಕಿದರೆ ಪೂರ್ತಿ 24. ಕೇಳಲು ಸುಲಭ. ಹೆಬ್ಬೆರಳು ಬಟನ್ ಮೇಲೆ ಇಟ್ಟುಕೊಂಡು, ಬಾಲು ರಿಂಗಿಗೆ ತಗುಲಿತೋ ಬರೀ ಬೋರ್ಡಿಗೋ ಅಂತ ರೆಪ್ಪೆ ಮಿಟುಕಿಸದೆ ನೋಡಬೇಕು. ಮೊದಲ ದಿನ ನನ್ನ ಮಗಳು ಬಾಲ್ ಕಸಿದ ಖುಷಿಯಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ. ಗಡಿಯಾರ ಹಾಗೇ ಓಡಿ ಹಾರ್ನ್ ಹೊಡೆಯಿತು. ರೆಫರಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಮಗಳು ಎರಡು ದಿನ ಮಾತಾಡಲಿಲ್ಲ. ಬಾಗಿಲ ಬಳಿ ಕೇಕು, ಕಾಫಿ ಮಾರುವ ಸರದಿಯೂ ನಮ್ಮದೇ. ನನ್ನವಳು ಕೋಡುಬಳೆ ಇಟ್ಟಿದ್ದಳು. ಹಾಫ್ ಟೈಮಿಗೆ ಡಬ್ಬ ಖಾಲಿ.

ನಮ್ಮೂರಲ್ಲಿ ಅವಕಾಶ ಇಲ್ಲದೇ ಇಲ್ಲ. 2017ರಲ್ಲಿ 16ರೊಳಗಿನ, 2018 ಮತ್ತು 2022ರಲ್ಲಿ 18ರೊಳಗಿನ ಹುಡುಗಿಯರ ಏಷ್ಯಾ ಚಾಂಪಿಯನ್‌ಶಿಪ್ ಬೆಂಗಳೂರಿಗೇ ಬಂದಿತ್ತು. 2022ರಲ್ಲಿ ಗೌರಿ ಹಬ್ಬಕ್ಕೆ ಬಂದವನು ಹಾಗೇ ಉಳಿದು ಒಂದು ಮ್ಯಾಚು ನೋಡಿದ್ದೆ. ಹೊರವರ್ತುಲ ರಸ್ತೆ ಕೆರೆಯಾಗಿತ್ತಲ್ಲ, ಅದೇ ವಾರ. ಆಸ್ಟ್ರೇಲಿಯಾ ಕಪ್ ಗೆದ್ದಿತು, ಚೀನಾ ಎರಡನೇದು. ಅವತ್ತು ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಕೂತಿದ್ದರು. ಮಗಳು ಕ್ಲಬ್ಬಿನಲ್ಲಿ ಆಡುತ್ತಾಳಂತೆ, ರಾಜ್ಯ ಸಬ್‌ಜೂನಿಯರ್ ಟ್ರಯಲ್ಸಿಗೂ ಹೋಗಿದ್ದಳಂತೆ. ಹೆಮ್ಮೆಯಿಂದ ಎಲ್ಲ ಹೇಳಿ ಕೊನೆಗೆ ಅಂದರು, ‘ಟೆನ್ತ್ ತನಕ ಆಡ್ಲಿ ಬಿಡಿ ಸಾರ್. ಆಮೇಲೆ ಹೇಗೂ ಇಲ್ಲ.’ ಎದುರಿಗೆ ಕೋರ್ಟಿನಲ್ಲಿ ಆ ‘ಆಮೇಲಿನ’ ಪ್ರಾಯದ ಹುಡುಗಿಯರೇ ದೇಶದ ಜರ್ಸಿ ಹಾಕಿ ಓಡುತ್ತಿದ್ದರು. ಆ ಮಗು ಅಮ್ಮನ ಪಕ್ಕದಲ್ಲೇ ಕೂತು ನೋಡುತ್ತಿತ್ತು.

ಲೊಸಾನ್ ಫೈನಲ್ ಮುಗಿಸಿ ಬರುವಾಗ ರೈಲಿನಲ್ಲಿ ಮಗಳು ಕೇಳಿದಳು, ‘ನೀನ್ಯಾಕೆ ಬಿಟ್ಟೆ ಅಪ್ಪಾ?’ ಸಿಇಟಿ ಇತ್ತಮ್ಮಾ ಅಂದೆ. ‘ಸಿಇಟಿ ಅಂದ್ರೆ?’ ಅಂದಳು. ಒಂದೇ ಸ್ಟಾಪಿನ ದಾರಿ. ವಿವರಿಸಿ ಮುಗಿಯುವಷ್ಟರಲ್ಲಿ ಇಳಿಯಬೇಕಾಯ್ತು.

ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಅವಳು ಈ ಊರಲ್ಲಿ ಆಡುತ್ತಿರುವುದೇ ಆ ಸಿಇಟಿಯಿಂದ. ಅಪ್ಪ ಗುಮಾಸ್ತರಾಗಿದ್ದರು. ಸರ್ಕಾರಿ ಕೋಟಾದ ಒಂದು ಸೀಟು ತಪ್ಪಿದರೆ ನಮಗೆ ಎರಡನೇ ದಾರಿ ಇರಲಿಲ್ಲ. ಇಲ್ಲಿ ಎಲೆಕ್ಟ್ರಿಷಿಯನ್ನಿಗೂ ನೆಮ್ಮದಿಯ ಸಂಬಳ ಇದೆ, ಅದಕ್ಕೇ ಆ ಹುಡುಗನ ಅಪ್ಪ ಅಟ್ಟ ಹತ್ತುವುದಿಲ್ಲ. ಇನ್ನೊಂದು. ಇಲ್ಲಿ ವರ್ಷದ ಫೀಸು ಕಟ್ಟದೆ ಬಾಲು ಮುಟ್ಟುವ ಹಾಗಿಲ್ಲ. ಕ್ರಿಸ್‌ಮಸ್ ರಜೆಗೆ ಆಟದ ಹಾಲ್‌ಗೆ ಬೀಗ, ಸಂಜೆ ಹೊತ್ತು ಮೀರಿದರೆ ಲೈಟ್ ಆಫ್, ಎಷ್ಟು ಗೋಗರೆದರೂ ಅಷ್ಟೇ. ನಮ್ಮ ಗ್ರೌಂಡಿಗೆ ಗೇಟೇ ಇರಲಿಲ್ಲ. ಮಾಸ್ಟ್ರು ಒಂದು ಪೈಸೆ ತೆಗೆದುಕೊಂಡವರಲ್ಲ, ಬದಲಿಗೆ ಭಾನುವಾರ ನಮಗೆಲ್ಲ ಇಡ್ಲಿ ಕೊಡಿಸುತ್ತಿದ್ದರು.

ಆ ಹನ್ನೆರಡನೆಯವನು, ಫೇಲಾದವನು, ಆಟದ ಮೇಲೇ ರೈಲ್ವೆ ಕೆಲಸಕ್ಕೆ ಸೇರಿದ. ಈಗ ಬೆಳಿಗ್ಗೆ ಐದೂವರೆಗೆ ಅದೇ ಗ್ರೌಂಡಿನಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾನೆ, ಪುಕ್ಕಟೆ. ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದೇವೆ, ಮಗಳನ್ನೂ ಅಲ್ಲಿಗೆ ಕಳಿಸೋಣ ಅಂತ ಮೊನ್ನೆ ಫೋನ್ ಮಾಡಿದ್ದೆ. ರಿಂಗಿಗೆ ಎರಡು ಒಳ್ಳೇ ನೆಟ್ ತರ್ತೀನಿ ಕಣೋ ಅಂತ ದೊಡ್ಡ ಮನಸ್ಸಿನಿಂದ ಹೇಳಿದೆ.

‘ನೆಟ್ ಇದೆ ಮಾರಾಯ, ರಿಂಗೂ ನೆಟ್ಟಗಾಗಿ ಆರು ವರ್ಷ ಆಯ್ತು’ ಅಂದ. ‘ಬರ್ತಾ ಚಾಕೊಲೇಟ್ ತಾ. ನಲವತ್ತು ಮಕ್ಕಳಿದ್ದಾರೆ.’