ಎರಡು ನಿಮಿಷ ಬಿಟ್ಟರೆ ಸಾಕು

‘ರೋಗಿಯ ಕಥೆ ಕೇಳುತ್ತಾ ಕೂತರೆ ಹೊರಗಿನ ಕ್ಯೂ ಕರಗುವುದಿಲ್ಲ’ ಎಂದು, ಡಾಕ್ಟರು ರೋಗಿಗಳ ಕಥೆಗೆ ಸಮಯ ಕೊಡಬೇಕಿಲ್ಲ ಎನ್ನುವ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. 2002ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ ಇದನ್ನು ಗಡಿಯಾರ ಹಿಡಿದೇ ನೋಡಿದ್ದಾರೆ. ಡಾಕ್ಟರು ಮಧ್ಯೆ ಬಾಯಿ ಹಾಕದಿದ್ದಾಗ ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವೇ ಮಾತು ಮುಗಿಸಿದ್ದರು. ಅಷ್ಟೇ!

ಅಷ್ಟು ಸಮಯವನ್ನೂ ಉಳಿಸಲು ಹೋದರೆ ನಷ್ಟವೇ ಜಾಸ್ತಿ. ‘ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ, ನಿಂತರೆ ಬಿಡುತ್ತೆ’ ಅನ್ನುವ ಒಂದು ಮಾತೇ ಹೃದಯದ ತೊಂದರೆಗೆ ದೊಡ್ಡ ಸುಳಿವು. ಸುಮ್ನೆ ಮಲಗಿಸಿ ತೆಗೆದ ಇಸಿಜಿ ಅಂಥವರಲ್ಲೂ ಎಷ್ಟೋ ಸಲ ನಾರ್ಮಲ್ ಬರುತ್ತದೆ, ಅಲ್ವಾ?

ಇನ್ನು ‘ಈ ಔಷಧಿಯಿಂದ ಗುಣವಾದೆ’ ಅನ್ನುವ ಜಾಹೀರಾತಿನ ಕಥೆಗಳನ್ನೂ ಲೇಖಕರು ಇದರ ಜೊತೆ ಯಾಕೆ ಸೇರಿಸಿದರೋ ಗೊತ್ತಾಗಲಿಲ್ಲ. ಅವನ್ನು ನಂಬಬೇಡಿ ಅಂದರೆ ನಾನೂ ಒಪ್ಪುತ್ತೇನೆ.