ಸತ್ಯಾಂಶ: ಬೆಲ್ಲ, ಯೀಸ್ಟ್ ಹಾಕಿದರೆ ಸೆಪ್ಟಿಕ್ ಟ್ಯಾಂಕ್ ಇಳಿಯುತ್ತದೆಯೇ?

'ಮಳೆಗೆ ಕಮೋಡಿನಲ್ಲಿ ನೀರು ಮೇಲೇರಿತೇ? ಅರ್ಧ ಕಿಲೋ ಬೆಲ್ಲ, ಒಂದು ಪ್ಯಾಕೆಟ್ ಯೀಸ್ಟ್ ಹಾಕಿ, ಬೆಳಗಾಗುವುದರೊಳಗೆ ಟ್ಯಾಂಕ್ ಖಾಲಿ!' ಹುಬ್ಬಳ್ಳಿಯ ನಮ್ಮ ಓಣಿಯ ವಾಟ್ಸ್ಆ್ಯಪ್ ಗುಂಪಿಗೂ ಈ ಸಂದೇಶ ಬಂತು. ಬೆಲ್ಲ ಉಳಿಸಿಕೊಳ್ಳಿ, ಹೋಳಿಗೆಗಾದರೂ ಆದೀತು.

ಮಲ ಕೊಳೆಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಮೊದಲೇ ಬೇಕಾದಷ್ಟಿವೆ. ಸರಿಯಾಗಿರುವ ಟ್ಯಾಂಕ್ ಕೂಡ ಸದಾ ತುಂಬಿಯೇ ಇರುತ್ತದೆ. ಒಳಗೆ ಬಂದಷ್ಟು ನೀರು ಇಂಗುಗುಂಡಿಗೆ ಹೋಗುತ್ತಿರಬೇಕು, ಅಷ್ಟೇ. ತೊಡಕಿರುವುದು ಅಲ್ಲಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಕುಡಿದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ಇಂಗುಗುಂಡಿಯ ನೀರು ಎಲ್ಲಿಗೆ ಹೋಗಬೇಕು?

ಒಂದೇ ಪಾಯಖಾನೆ ಕಟ್ಟಿಕೊಂಡಿದ್ದರೆ ಪೈಪ್ ನೋಡಿಸಿ. ಬಚ್ಚಲೂ ಸೇರಿ ಎಲ್ಲ ಕಡೆ ನೀರು ನಿಂತಿದ್ದರೆ ಮೊದಲು ಮಾಳಿಗೆಯ ಮಳೆನೀರಿನ ಪೈಪ್ ಎಲ್ಲಿಗೆ ಹೋಗಿದೆ ನೋಡಿ. ಅದನ್ನು ಟ್ಯಾಂಕಿಗೇ ಜೋಡಿಸಿದ ಮನೆಗಳಿವೆ. 1000 ಚದರ ಅಡಿ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು! ಟ್ಯಾಂಕಿನ ಮುಚ್ಚಳದ ಸಂದಿಯನ್ನೂ ನೋಡಿ.

ನೆಲ ಆರುವವರೆಗೆ ನೀರು ಕಡಿಮೆ ಬಳಸಿ, ಬಟ್ಟೆ ಒಗೆಯುವುದನ್ನು ಮುಂದೂಡಿ. ಅವಸರಕ್ಕೆ ಗಾಡಿ ಕರೆಸಿ ಪೂರ್ತಿ ಖಾಲಿ ಮಾಡಿಸಬೇಡಿ. ಸುತ್ತಲೂ ನೀರು ನಿಂತಾಗ ಖಾಲಿ ಪ್ಲಾಸ್ಟಿಕ್ ಟ್ಯಾಂಕ್ ತೇಲಿ ಮೇಲೇಳಬಹುದು. ಹೂಳು ತೆಗೆಸುವುದು 2-3 ವರ್ಷಕ್ಕೊಮ್ಮೆ, ಒಣ ದಿನಗಳಲ್ಲಿ, ಯಂತ್ರದಿಂದಲೇ. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧವೂ ಹೌದು.